ಅಜ್ಜಿಯ ಪ್ಯಾರಾದಿಂದಲೇ ಶುರು ಮಾಡಿ

ನಮಸ್ಕಾರ.

‘ದೇಶದ ಸುಖ ಅಳೆಯುವುದು ಹೇಗೆ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಜಿಡಿಪಿಯೊಂದೇ ಸಾಲದು ಎಂದು ಮೂರು ಪುಟ ಬರೆದಿದ್ದೀರಿ. ಅದಕ್ಕೆ ಒಂದು ಸಾಲು ಸಾಕು. ಆಮೇಲೆ ಹದಿನಾಲ್ಕು ಸೂಚಕಗಳ ಹೆಸರು ಹೇಳಿದ್ದೀರಿ. ಅವುಗಳಲ್ಲಿ ಒಂದರ ಅಂಕಿಯೂ ಎಲ್ಲಿಂದ ಬರುತ್ತದೆ ಎಂದು ಹೇಳಿಲ್ಲ.

ಆದರೆ ನಿಮ್ಮ ಅಜ್ಜಿಯ ಪ್ಯಾರಾ ಇದೆಯಲ್ಲ, ಅದು ತಲೆಯಿಂದ ಹೋಗುತ್ತಿಲ್ಲ. ಅಜ್ಜಿಗೆ ಸಹಿ ಹಾಕಲು ಬರುತ್ತದೆ, ಬಸ್ಸಿನ ಬೋರ್ಡ್ ಓದಲು ಬರುವುದಿಲ್ಲ. ಗಣತಿಗೆ ಬಂದವರು ಕೇಳಿದಾಗ ಮನೆಯವರು ‘ಓದು ಬರಹ ಬರುತ್ತೆ’ ಅಂದರು. ಇಷ್ಟು ಹೇಳಿ ನೀವು ಮುಂದೆ ಹೋಗಿಬಿಟ್ಟಿದ್ದೀರಿ! ನಿಮ್ಮ ಲೇಖನ ಇರುವುದೇ ಅಲ್ಲಿ.

ಜನಗಣತಿಯ ಪ್ರಕಾರ, 7 ವರ್ಷ ತುಂಬಿದವರು ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲರಾದರೆ ಸಾಕ್ಷರರು. ವ್ಯಾಖ್ಯೆ ಸರಿಯಾಗಿಯೇ ಇದೆ. ಆದರೆ ಯಾರೂ ಓದಿಸಿ ನೋಡುವುದಿಲ್ಲ, ಮನೆಯವರ ಮಾತೇ ಆಧಾರ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹಾಗಲ್ಲ. ಹೆಚ್ಚು ಶಾಲೆ ಕಲಿಯದವರಿಗೆ ಒಂದು ಕಾರ್ಡ್ ತೋರಿಸಿ, ಅದರಲ್ಲಿರುವ ವಾಕ್ಯ ಓದಿ ಅನ್ನುತ್ತಾರೆ. ಎರಡಕ್ಕೂ ಹೆಸರು ‘ಸಾಕ್ಷರತೆ’, ಅಳೆದದ್ದು ಬೇರೆ ಬೇರೆ. ನಂಬಬಹುದಾದ ಸೂಚಕ ಯಾವುದು ಎಂದು ಕೇಳಿದ್ದೀರಲ್ಲ, ಇವೆರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ.

ಸರಾಸರಿಯ ವಿಷಯದಲ್ಲೂ ಎಚ್ಚರ ಬೇಕು. 2011ರಲ್ಲಿ ಕರ್ನಾಟಕದ ಸಾಕ್ಷರತೆ ಶೇ 75.36 ಎಂದು ಬರೆದು ಬಿಟ್ಟಿದ್ದೀರಿ. ಅದೇ ಗಣತಿಯಲ್ಲಿ ದಕ್ಷಿಣ ಕನ್ನಡ ಶೇ 88.57, ಯಾದಗಿರಿ ಶೇ 51.83. ಯಾದಗಿರಿಯಲ್ಲಿ ಕೂತು ಓದುವವರಿಗೆ ಆ 75 ಯಾವ ಊರಿನ ಲೆಕ್ಕವೋ ಅನ್ನಿಸುತ್ತದೆ, ಅಲ್ವಾ?

ಮಾನವ ಅಭಿವೃದ್ಧಿ ಸೂಚ್ಯಂಕವನ್ನು 1990ರಲ್ಲಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ತಂದರು ಎಂದಷ್ಟೇ ಇದೆ. 2010ರಲ್ಲಿ ಅದರ ಲೆಕ್ಕ ಮಾಡುವ ರೀತಿ ಬದಲಾದದ್ದು ಬಿಟ್ಟುಹೋಗಿದೆ. ಆಯಸ್ಸು, ಆದಾಯ, ಶಿಕ್ಷಣ ಮೂರಕ್ಕೂ 0ಯಿಂದ 1ರವರೆಗೆ ಅಂಕ ಕೊಡುತ್ತಾರೆ. ಆಯಸ್ಸು 0.9, ಆದಾಯ 0.9, ಶಿಕ್ಷಣ 0.3 ಇದ್ದರೆ ಹಳೆಯ ಸರಾಸರಿ 0.7. ಈಗ ಮೂರನ್ನೂ ಗುಣಿಸಿ ಘನಮೂಲ ತೆಗೆಯುತ್ತಾರೆ, ಸುಮಾರು 0.62 ಬರುತ್ತದೆ. ಹಣ ಜಾಸ್ತಿ ಇದ್ದ ಮಾತ್ರಕ್ಕೆ ಶಾಲೆಯ ಕೊರತೆ ಮುಚ್ಚಿಹೋಗುವುದಿಲ್ಲ. ಇದನ್ನು ಸೇರಿಸಿ.

ಭೂತಾನ್ ಭಾಗ ಪೂರ್ತಿ ತೆಗೆಯಿರಿ. ದೇಶದ ಸಂತೋಷ ಅಳೆಯಲು ಅವರು ಬಳಸುವ 33 ಸೂಚಕಗಳಲ್ಲಿ ನಿದ್ದೆಯೂ ಒಂದು. ಅದು ಬೇರೆಯೇ ಲೇಖನ ಆಗುತ್ತದೆ.

ಅಜ್ಜಿ ಒಪ್ಪಿದರೆ ಒಂದು ಸಣ್ಣ ವಾಕ್ಯ ಬರೆದು ಓದಿಸಿ ನೋಡಿ. ಆಗ ಏನಾಯಿತು ಎಂಬುದನ್ನೇ ಮೊದಲು ಬರೆಯಿರಿ. ಸಾವಿರ ಪದ ಸಾಕು. ತಿದ್ದಿ ಕಳಿಸಿದರೆ ನಾನೇ ಓದುತ್ತೇನೆ.