"ಸಾಕ್ಷಿ ಹೇಳೋಕೆ ನನ್ನ ಹತ್ರ ಏನೂ ಇಲ್ಲ, ಮೇಡಂ"

ವಾಸಿಯಾಗದ ಕಾಯಿಲೆ ಇರುವ ಕ್ರೈಸ್ತ ಮನೆಗಳಿಂದ ಆಪ್ತಸಲಹೆಗೆ ನನ್ನ ಬಳಿ ಬರುವವರು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ: "ನನ್ನ ನಂಬಿಕೆ ಸಾಲದೇನೋ ಅನ್ಸುತ್ತೆ." ಕ್ಯಾನ್ಸರ್ ಇರಲಿ, ಸ್ಟ್ರೋಕ್ ಇರಲಿ, ಮಗುವಿನ ಫಿಟ್ಸ್ ಇರಲಿ, ಮಾತು ಬದಲಾಗುವುದಿಲ್ಲ. ಕಾಯಿಲೆಯ ಭಾರವೇ ಹೊರಲಾರದಷ್ಟಿರುತ್ತದೆ. ಅದರ ಮೇಲೆ ಈ ತಪ್ಪಿತಸ್ಥ ಭಾವನೆ ಬೇರೆ. ಹಾಗಾಗಿ ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ನಲವತ್ತು ದಾಟಿದ ಹೆಂಗಸು, ಹೊಲಿಗೆ ಕೆಲಸ. ಗಂಡನಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಎರಡು ಸಲ ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಶುದ್ಧಿ, ಪ್ರತಿ ಸಲವೂ ಸುಮಾರು ನಾಲ್ಕು ಗಂಟೆ. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಯೋಜನೆ ತಂದ ಮೇಲೆ ಬಡವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಅದು ಉಚಿತ. ಆದರೆ ಬಸ್ ಚಾರ್ಜು, ಮಾತ್ರೆ, ಆ ದಿನ ಹೋದ ಸಂಪಾದನೆ ಇವನ್ನೆಲ್ಲ ಯಾರು ಕೊಡುತ್ತಾರೆ? ಅಮ್ಮ ರಾತ್ರಿ ಮಲಗುತ್ತಿಲ್ಲ, ಸರಿಯಾಗಿ ತಿನ್ನುತ್ತಿಲ್ಲ, ಚರ್ಚಿಗೆ ಹೋಗುವುದನ್ನೂ ಬಿಟ್ಟಿದ್ದಾರೆ ಅಂತ ಪಿಯುಸಿ ಓದುವ ಮಗಳೇ ಕರೆದುಕೊಂಡು ಬಂದಳು.

ಮೊದಮೊದಲು ಅವರು ಗಂಡನ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ. ಕಿಡ್ನಿ ನೀರನ್ನು ಹೊರಹಾಕದ ಕಾರಣ, ಕುಡಿಯುವ ನೀರನ್ನು ಹೇಗೆ ಅಳೆದು ಕೊಡುತ್ತೇನೆ ಅಂತ ಕೈಯಲ್ಲೇ ತೋರಿಸಿದರು. ಬೆಳಿಗ್ಗೆ ಒಂದು ಬಾಟಲಿಗೆ ಗೆರೆ ಹಾಕಿದಷ್ಟು ನೀರು ತುಂಬಿಡುತ್ತಾರೆ. ಕಾಫಿ, ಸಾರು, ಮಾತ್ರೆ ನುಂಗುವ ನೀರು ಎಲ್ಲವೂ ಆ ಲೆಕ್ಕದಲ್ಲೇ ಆಗಬೇಕು. ಸಂಜೆಗೆ ಗಂಡ ಇನ್ನೊಂದು ಗುಟುಕು ಕೇಳಿದರೆ ಇಲ್ಲ ಅನ್ನಬೇಕು. "ಬಾಯಾರಿದೆ ಅಂತ ಅವ್ರು ಕೇಳ್ತಾರೆ, ನಾನು ಕೊಡಲ್ಲ. ಇದೆಂಥಾ ಬಾಳು ಮೇಡಂ" ಅಂದರು.

ಚರ್ಚಿನ ಮಾತು ತೆಗೆದಾಗ ಮಾತ್ರ ಮುಖ ಗಟ್ಟಿಯಾಯಿತು. ಅವರ ಸಭೆಯಲ್ಲಿ ಪ್ರತಿ ಭಾನುವಾರ ಸಾಕ್ಷಿ ಹೇಳುವ, ಅಂದರೆ ದೇವರು ತಮಗೆ ಮಾಡಿದ ಒಳಿತನ್ನು ಎಲ್ಲರೆದುರು ಹೇಳುವ ಸಮಯ ಇರುತ್ತದೆ. ಒಬ್ಬರ ಗಡ್ಡೆ ಕರಗಿತು, ಇನ್ನೊಬ್ಬರ ಮಗನಿಗೆ ಕೆಲಸ ಸಿಕ್ಕಿತು. ಎಲ್ಲರೂ ಸ್ತೋತ್ರ ಅನ್ನುತ್ತಾರೆ. ಆಮೇಲೆ ನಾಲ್ಕು ಜನ ಇವರ ಕಡೆ ತಿರುಗಿ ನೋಡುತ್ತಾರೆ. "ಸಾಕ್ಷಿ ಹೇಳೋಕೆ ನನ್ನ ಹತ್ರ ಏನೂ ಇಲ್ಲ, ಮೇಡಂ. ಅದಕ್ಕೇ ಹೋಗಲ್ಲ."

ನಾನು ಸಮಾಧಾನ ಹೇಳಲಿಲ್ಲ. ಅವರ ಬ್ಯಾಗಿನಲ್ಲೇ ಸತ್ಯವೇದ (ಬೈಬಲ್) ಇತ್ತು. 88ನೇ ಕೀರ್ತನೆ ತೆಗೆದು ಗಟ್ಟಿಯಾಗಿ ಓದುತ್ತೀರಾ ಅಂತ ಕೇಳಿದೆ. ಓದಲು ಶುರು ಮಾಡಿದರು. ನನ್ನ ಪ್ರಾಣ ಸಂಕಟದಿಂದ ತುಂಬಿದೆ, ನನ್ನನ್ನು ಯಾಕೆ ತಳ್ಳಿಬಿಟ್ಟೆ, ಯಾಕೆ ಮುಖ ಮರೆಸಿಕೊಳ್ಳುತ್ತೀ ಅಂತ ಆ ಭಕ್ತ ದೇವರನ್ನೇ ಕೇಳುವ ಪ್ರಾರ್ಥನೆ ಅದು. 18 ವಚನ. ಬಹಳಷ್ಟು ಶೋಕದ ಕೀರ್ತನೆಗಳು ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಗೆಳೆಯರೂ ದೂರವಾದರು, ಕತ್ತಲೆಯೇ ಉಳಿಯಿತು ಅನ್ನುವಲ್ಲಿಗೆ ನಿಂತುಹೋಗುತ್ತದೆ. ಅವರು ಓದಿ ಮುಗಿಸಿ, ಇನ್ನೂ ಇದೆಯೇನೋ ಅಂತ ಹಾಳೆ ತಿರುವಿದರು. 89 ಶುರುವಾಗಿತ್ತು.

"ಇಷ್ಟೇನಾ?"

"ಇಷ್ಟೇ."

"ಇದನ್ನ ಬೈಬಲ್ಲಲ್ಲಿ ಯಾಕೆ ಇಟ್ಟಿದ್ದಾರೆ?"

"ನಿಮಗೇನನ್ನಿಸುತ್ತೆ?" ಅಂದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇವನಿಗೂ ಸಾಕ್ಷಿ ಇರಲಿಲ್ಲ" ಅಂದರು. ಅಲ್ಲಿಂದ ಅಳು ಶುರುವಾಯಿತು. ಗಂಡನಿಗೆ ಕಾಯಿಲೆ ಅಂತ ಗೊತ್ತಾದ ಮೇಲೆ ಇನ್ನೊಬ್ಬರ ಎದುರು ಅತ್ತಿದ್ದು ಅದೇ ಮೊದಲು ಅಂತ ಆಮೇಲೆ ಹೇಳಿದರು.

ಕ್ರೈಸ್ತ ನಿರೀಕ್ಷೆ ಅಂದರೆ ಎಲ್ಲ ಸರಿಹೋಗುತ್ತೆ ಅಂತ ನಗುಮುಖ ಹಾಕಿಕೊಳ್ಳುವುದಲ್ಲ. ಇದು ನನ್ನ ಗಟ್ಟಿ ನಿಲುವು. ಆ ನಿರೀಕ್ಷೆ ನಿಂತಿರುವುದೇ ನಿಜವಾಗಿ ಸತ್ತು, ಸಮಾಧಿಯಾಗಿ, ಎದ್ದುಬಂದವನ ಮೇಲೆ. ನಮ್ಮ ರಕ್ತದ ರಿಪೋರ್ಟಿನ ಮೇಲಲ್ಲ. ಸತ್ತುಹೋಗಿದ್ದ ಗೆಳೆಯ ಲಾಜರನನ್ನು ಎಬ್ಬಿಸಲಿಕ್ಕೆಂದೇ ಹೋದ ಯೇಸು, ಸಮಾಧಿಯ ಹತ್ತಿರ ಅತ್ತ. ಎಬ್ಬಿಸುತ್ತೇನೆ ಅಂತ ಗೊತ್ತಿದ್ದವನಿಗೇ ಕಣ್ಣೀರು ಬಂತು ಅಂದಮೇಲೆ, ಗೊತ್ತಿಲ್ಲದ ನಾವು ಅಳಬಾರದು ಅನ್ನುವುದು ಯಾವ ನ್ಯಾಯ? ಆ 88ನೇ ಕೀರ್ತನೆಯಲ್ಲೂ ಒಂದು ವಿಷಯ ಗಮನಿಸಿ. ಅಷ್ಟು ದೂರುವ ಮನುಷ್ಯ ದೇವರನ್ನು ಕೂಗುವುದನ್ನು ಮಾತ್ರ ಬಿಡುವುದಿಲ್ಲ. ಮೂರು ಸಲ ಮತ್ತೆ ಮತ್ತೆ ಕರೆಯುತ್ತಾನೆ. ನಿರೀಕ್ಷೆ ಕೆಲವು ದಿನ ಇಷ್ಟೇ ಇರುತ್ತದೆ.

ಆ ಹೊತ್ತಿಗೆ ಇನ್ನೊಂದು ಅಪಾಯ ತಲೆ ಎತ್ತಿತ್ತು. ಒಂದು ಕೂಟಕ್ಕೆ ಬಂದಿದ್ದ ಪ್ರಸಂಗಿಯ ಮಾತು ಕೇಳಿ ಗಂಡ, "ಯಂತ್ರದ ಮೇಲೆ ನಂಬಿಕೆ ಇಡಲ್ಲ, ಡಯಾಲಿಸಿಸ್ ಬಿಡ್ತೀನಿ" ಅಂದಿದ್ದರು. ಕಿಡ್ನಿ ಪೂರ್ತಿ ನಿಂತವರು ಡಯಾಲಿಸಿಸ್ ಬಿಟ್ಟರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಶ್ವಾಸಕೋಶದಲ್ಲಿ ನೀರು ಸೇರುತ್ತದೆ. ಕೆಲವೇ ದಿನಗಳಲ್ಲಿ ಜೀವಕ್ಕೆ ಬರುತ್ತದೆ. ನಾನು ಇಬ್ಬರನ್ನೂ ಕೂರಿಸಿಕೊಂಡು ಖಡಾಖಂಡಿತವಾಗಿ ಹೇಳಿದೆ, ಬಿಡಕೂಡದು ಅಂತ. ವೈದ್ಯರ ಜೊತೆಗೂ ಮಾತಾಡಿಸಿದೆ. ಬೈಬಲ್ಲಿನಲ್ಲೇ ರಾಜ ಹಿಜ್ಕೀಯನ ಹುಣ್ಣಿಗೆ ಪ್ರವಾದಿ ಯೆಶಾಯ ಅಂಜೂರದ ಉಂಡೆ ಕಟ್ಟಿಸಿದ. ಅಪೊಸ್ತಲ ಪೌಲನ ಕೈಯಿಂದ ಎಷ್ಟೋ ಜನ ವಾಸಿಯಾದರು, ಆದರೂ ಅವನು ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತ ಪಟ್ಟಣದಲ್ಲಿ ಬಿಟ್ಟು ಬರಬೇಕಾಯಿತು. ತ್ರೊಫಿಮನಿಗೆ ನಂಬಿಕೆ ಸಾಲದು ಅಂತ ಪೌಲ ಎಲ್ಲೂ ಬರೆದಿಲ್ಲ. ಈ ಮಾತು ಗಂಡನಿಗೆ ನಾಟಿತು. ಅವರೇ ಆ ವಚನ ಹುಡುಕಿ, ಎರಡು ಸಲ ಓದಿಕೊಂಡರು.

ಹೆಂಡತಿಗೆ ಕೊಟ್ಟ ಸಲಹೆ ತೀರಾ ಸಾಮಾನ್ಯವಾದದ್ದು. ಮೊದಲು ನಿದ್ದೆ, ಊಟ. ಸತ್ತುಹೋದರೆ ಸಾಕು ಅಂತ ಪ್ರವಾದಿ ಎಲೀಯ ಗಿಡದ ಕೆಳಗೆ ಬಿದ್ದುಕೊಂಡಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ತಿನ್ನಿಸಿದ. ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಆ ಯೋಚನೆ ತಲೆಗೆ ಬರುತ್ತೆ ಅನ್ನುವುದು ತಪ್ಪು ತಿಳುವಳಿಕೆ. ಅವರಿಗೆ ಅಂಥ ಯೋಚನೆ ಇರಲಿಲ್ಲ, ಆದರೆ ಖಿನ್ನತೆ ಇತ್ತು. ಮನೋವೈದ್ಯರು ಮಾತ್ರೆ ಬರೆದರು. ಅದು ಹಿಡಿಯಲು ಕೆಲವು ವಾರ ಬೇಕು, ಮಧ್ಯೆ ಬಿಡಬೇಡಿ ಅಂತ ಹೇಳಿ ಕಳಿಸಿದೆ.

ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಓದಲು 42 ಮತ್ತು 43ನೇ ಕೀರ್ತನೆ ಕೊಟ್ಟೆ. "ನನ್ನ ಮನವೇ, ಯಾಕೆ ಕುಗ್ಗಿಹೋಗಿದ್ದೀ" ಅಂತ ತನಗೆ ತಾನೇ ಕೇಳಿಕೊಂಡು, ದೇವರನ್ನು ನಿರೀಕ್ಷಿಸು ಅಂತ ತನಗೆ ತಾನೇ ಹೇಳಿಕೊಳ್ಳುವ ಸಾಲು ಅಲ್ಲಿ ಮೂರು ಸಲ ಬರುತ್ತದೆ. ಒಂದು ಸಲ ಹೇಳಿದರೆ ಮನಸ್ಸಿಗೆ ಹತ್ತುವುದಿಲ್ಲ. ಸ್ಥಿರತೆ ಅಂದರೆ ನನ್ನ ಪ್ರಕಾರ ಅದೇ, ಮರುದಿನ ಮತ್ತೆ ಹೇಳಿಕೊಳ್ಳುವುದು.

ಇದಕ್ಕೆ ಎರಡೂ ಕಡೆಯಿಂದ ಆಕ್ಷೇಪ ಬರುತ್ತದೆ. ಆಪ್ತಸಲಹೆಯಲ್ಲಿ ಬೈಬಲ್ ಯಾಕೆ ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಸತ್ಯವೇದ ನನ್ನ ಮೇಜಿನ ಮೇಲಿರಲಿಲ್ಲ, ಅವರ ಬ್ಯಾಗಿನಲ್ಲಿತ್ತು. ಅವರನ್ನು ನೋಯಿಸಿದ್ದೂ ಅದರ ಹೆಸರಲ್ಲಿ ಆಡಿದ ಮಾತುಗಳೇ. ಹಾಗಿರುವಾಗ ಅದನ್ನು ಬದಿಗಿಟ್ಟು ಗಾಯಕ್ಕೆ ಔಷಧಿ ಹುಡುಕಲಿ ಹೇಗೆ? ನಂಬಿಕೆ ಇಲ್ಲದವರ ಮುಂದೆ ನಾನು ಬೈಬಲ್ ತೆರೆಯುವುದಿಲ್ಲ. ಇನ್ನು ಕೆಲವು ವಿಶ್ವಾಸಿಗಳು, ನೀವು ಅದ್ಭುತವನ್ನು ತಡೆಯುತ್ತೀರಿ ಅನ್ನುತ್ತಾರೆ. ಇಲ್ಲ. ವಾಸಿಯಾಗಲಿ ಅಂತ ನಾನೂ ಪ್ರಾರ್ಥಿಸಿದ್ದೇನೆ. ವಾಸಿಯಾಗದಿದ್ದರೆ ತಪ್ಪು ಹೊತ್ತುಕೊಳ್ಳಲು ಒಬ್ಬಳನ್ನು ಹುಡುಕಿಕೊಡುವುದಿಲ್ಲ, ಅಷ್ಟೇ.

ಗಂಡ ಈಗಲೂ ಡಯಾಲಿಸಿಸ್‌ನಲ್ಲೇ ಇದ್ದಾರೆ. ಹೆಂಡತಿ ಮತ್ತೆ ಆರಾಧನೆಗೆ ಹೋಗುತ್ತಿದ್ದಾರೆ, ಎಲ್ಲ ಭಾನುವಾರವೂ ಅಲ್ಲ. ಸ್ತ್ರೀಯರ ಕೂಟದವರು ಮನೆಗೆ ಬಂದಾಗ, "ಪ್ರಾರ್ಥನೆ ಮಾಡಿ, ಯಾಕೆ ವಾಸಿಯಾಗಿಲ್ಲ ಅಂತ ಮಾತ್ರ ಹೇಳ್ಬೇಡಿ" ಅಂತ ಅವರೇ ಹೇಳಿದರಂತೆ. ಒಬ್ಬರು ಮುಖ ಸಿಂಡರಿಸಿಕೊಂಡು ಹೋದರು. ಇಬ್ಬರು ಉಳಿದರು. ಈಗ ಡಯಾಲಿಸಿಸ್ ದಿನ ಸರದಿ ಮೇಲೆ ಜೊತೆಗೆ ಹೋಗುತ್ತಾರೆ. ಆ ನಾಲ್ಕು ಗಂಟೆ ಇವರು ಹೊಲಿಗೆ ಮಾಡಬಹುದು, ಇಲ್ಲ ಮಲಗಬಹುದು.

ಇಂಥ ಮನೆಗೆ ಹೋಗುವವರಿಗೆ ಒಂದು ಕೋರಿಕೆ. ಎಳನೀರು, ಬಾಳೆಹಣ್ಣು ಒಯ್ಯಬೇಡಿ, ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಯಾವ ದಿನ ಆಸ್ಪತ್ರೆ ಅಂತ ಕೇಳಿ, ಆ ದಿನ ಅಡುಗೆ ಮಾಡಿ ತಂದುಕೊಡಿ. ಮನೆಯವರಿಗೆ ನಿದ್ದೆ ಹೋಗಿದ್ದರೆ, ಬದುಕು ಬೇಡ ಅನ್ನುತ್ತಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೇ ಪಕ್ಕದಲ್ಲಿ ಕೂತು ಫೋನ್ ಹಚ್ಚಿಕೊಡಿ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.