ಇಬ್ಬರು ಸೈನಿಕರಿರುವ ನಿಮ್ಮ ರೋಮನ್ ನಾಣ್ಯದ ಬಗ್ಗೆ

17 ಮಿ.ಮೀ. ಅಗಲದ ಕಂಚಿನ ನಾಣ್ಯ, ಹಿಂಬದಿಯಲ್ಲಿ ಇಬ್ಬರು ಸೈನಿಕರು, ನಡುವೆ ಎರಡು ಧ್ವಜಗಳು. ಯಾರ ಕಾಲದ್ದು, ಹುಣಸೆಹಣ್ಣು ಹಾಕಿ ತೊಳೆಯಬಹುದಾ ಅಂತ ಕೇಳಿದ್ದೀರಿ. ಮೊದಲು ತೊಳೆಯುವ ವಿಷಯ: ದಯವಿಟ್ಟು ಬೇಡ. ಹುಣಸೆ, ನಿಂಬೆ ಎರಡೂ ಆಮ್ಲ. ಶತಮಾನಗಳಿಂದ ಕೂತಿರುವ ಹಸಿರು-ಕಂದು ಪದರ ಎದ್ದುಹೋದರೆ ಅದರಲ್ಲೇ ಉಳಿದಿರುವ ಅಕ್ಷರಗಳೂ ಹೋಗುತ್ತವೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಮಣ್ಣು ಮೆತ್ತಗಾದ ಮೇಲೆ ಟೂತ್‌ಪಿಕ್‌ನಿಂದ ನಿಧಾನವಾಗಿ ಬಿಡಿಸಿ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದನ್ನು ಬೇರೆ ನಾಣ್ಯಗಳಿಂದ ದೂರ, ತೇವವಿಲ್ಲದ ಕಡೆ ಇಡಿ.

ಇದು ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನ ಮನೆತನದ್ದು. ಸೈನಿಕರ ಸುತ್ತ 'ಗ್ಲೋರಿಯಾ ಎಕ್ಸೆರ್ಸಿಟುಸ್', ಅಂದರೆ ಸೇನೆಯ ಕೀರ್ತಿ, ಅಂತಿರುತ್ತದೆ. ಎರಡು ಧ್ವಜ ಇದ್ದರೆ ಸುಮಾರು ಕ್ರಿ.ಶ. 330ರಿಂದ 335; ಆಮೇಲೆ ತೂಕ ಇಳಿಸಿದಾಗ ಧ್ವಜವೂ ಒಂದೇ ಆಯಿತು. ತಂದೆ, ಮಕ್ಕಳು ಎಲ್ಲರ ಹೆಸರಲ್ಲೂ ಇದೇ ಚಿತ್ರ ಬಂದಿದೆ, ಹಾಗಾಗಿ ಮುಖ ನೋಡಿ ಹೇಳಲಾಗದು, ಬರಹವನ್ನೇ ಓದಬೇಕು. ತಲೆಯ ಮೇಲೆ ಎಲೆಗಳ ಮಾಲೆ ಇದ್ದರೆ ಬಹುಪಾಲು ಮಗನೊಬ್ಬನದು. ಕಾನ್‌ಸ್ಟಂಟೈನನ ತಮ್ಮನ ಮಗ ಡೆಲ್ಮಾಟಿಯುಸ್‌ನ ಹೆಸರು ಕಂಡರೆ ಮಾತ್ರ ಅಪರೂಪ, ಅವನನ್ನು 337ರಲ್ಲೇ ಕೊಂದರು.

ಸೈನಿಕರ ಕಾಲ ಕೆಳಗಿನ ಗೆರೆಯಡಿ ಟಂಕಸಾಲೆಯ ಗುರುತಿದೆ. 'ಎಸ್‌ಎಂಎಎನ್' ಇದ್ದರೆ ಆಂಟಿಯಾಕ್ (ಈಗಿನ ಟರ್ಕಿಯಲ್ಲಿದ್ದ ಊರು), 'ಎಸ್‌ಐಎಸ್' ಇದ್ದರೆ ಸಿಸ್ಕಿಯಾ (ಈಗಿನ ಕ್ರೊಯೇಷಿಯಾದಲ್ಲಿದ್ದ ಊರು). ಆ ಜಾಗದ ಫೋಟೊವನ್ನು ಓರೆ ಬೆಳಕಲ್ಲಿ ತೆಗೆದು ಹಾಕಿ, ಓದಿ ಹೇಳುತ್ತೇನೆ.