ಆಟಿಸಂ ಮಕ್ಕಳಿಗಷ್ಟೇ ಇರುವುದಲ್ಲವೇ? ದೊಡ್ಡವರಾದ ಮೇಲೆ ಹೋಗುತ್ತದೆಯೇ?

ಹೋಗುವುದಿಲ್ಲ. ಅದು ಜ್ವರದಂಥ ಕಾಯಿಲೆಯಲ್ಲ, ಮಿದುಳು ಬೆಳೆದ ಬಗೆ; ಜನರೊಡನೆ ಬೆರೆಯುವ, ಮಾತಾಡುವ ರೀತಿ ಅದರಿಂದ ಬೇರೆಯಾಗಿರುತ್ತದೆ. 1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದ ಪ್ರಬಂಧದ ಮೊದಲ ಮಗು, ಅಮೆರಿಕದ ಮಿಸಿಸಿಪ್ಪಿಯ ಡೊನಾಲ್ಡ್ ಟ್ರಿಪ್ಲೆಟ್, ಮುಂದೆ ಬ್ಯಾಂಕಿನಲ್ಲಿ ದುಡಿದರು, ಕಾರು ಓಡಿಸಿದರು, ದೇಶ ವಿದೇಶ ಸುತ್ತಿದರು. 2023ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯವರೆಗೂ ಆಟಿಸಂ ಜೊತೆಗೇ ಇತ್ತು.

“ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತಾರೆ, ಮದುವೆನೂ ಆಗಿದೆ, ಅವರಿಗೆಲ್ಲಿಯ ಆಟಿಸಂ?” ಅನ್ನುವವರಿದ್ದಾರೆ. ಆಟಿಸಂ ಇರುವ ಎಷ್ಟೋ ಜನ, ಅದರಲ್ಲೂ ಹೆಂಗಸರು, ಬೇರೆಯವರನ್ನು ನೋಡಿ ನೋಡಿ ನಗು, ಹರಟೆ ಎಲ್ಲ ಕಲಿತಿರುತ್ತಾರೆ. ಮದುವೆಮನೆಯ ಗದ್ದಲದಲ್ಲಿ ಎರಡು ಗಂಟೆ ಚೆನ್ನಾಗಿಯೇ ಇದ್ದು, ಮನೆಗೆ ಬಂದವರೇ ಬಾಗಿಲು ಹಾಕಿಕೊಂಡು ಮಲಗಿದರೆ ಅದು ಜಂಭವಲ್ಲ (ನಮ್ಮಲ್ಲಿ ಹಾಗೇ ಅಂದುಕೊಳ್ಳುತ್ತಾರೆ), ದಣಿವು. ಅವರಿಗೆ ಭಾವನೆಯೇ ಇಲ್ಲವೆಂಬುದಂತೂ ಶುದ್ಧ ತಪ್ಪು. ಅನೇಕರಿಗೆ ಹೆಚ್ಚೇ ತಟ್ಟುತ್ತದೆ, ಮುಖದಲ್ಲಿ ಕಾಣುವುದಿಲ್ಲ ಅಷ್ಟೇ.